ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬೀಳದು

ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಯಲ್ಲಮ್ಮನ ಜಾತ್ರೆ. ಜನಸಂದಣಿಯಲ್ಲಿ ಮಗುವಿನ ಕೈ ತಪ್ಪಿತೆನ್ನಿ. ಹುಡುಕುವ ತಾಯಿಯ ಕಣ್ಣೆದುರೇ ಮಗು ಹಾದುಹೋದರೂ ಆಕೆ ಅದನ್ನು ಗುರುತಿಸದೆ ಇರಬಹುದು. ಇದು ದೃಷ್ಟಿದೋಷವಲ್ಲ. ನೋಡುವುದು ಕಣ್ಣಿನ ಕೆಲಸವಾದರೆ, ಕಾಣುವುದು ಮೆದುಳಿನ ಕೆಲಸ.

ನಮ್ಮ ಕಣ್ಣಿಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ಭಾಗ ತೀರ ಚಿಕ್ಕದು. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಮಾತ್ರ! ಸುತ್ತಲಿನದೆಲ್ಲ ಮಸುಕು. ಆದ್ದರಿಂದಲೇ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಅತ್ತಿತ್ತ ಜಿಗಿಯುತ್ತಿರುತ್ತದೆ. ಎಲ್ಲಿಗೆ ಜಿಗಿಯಬೇಕು, ಕಂಡದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಮನ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಎಸ್.ಪಿ. ಅರುಣ್ ಮತ್ತು ಸಂಗಡಿಗರು, ಮೆದುಳು ವಸ್ತುಗಳನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಇಂಥ ಹುಡುಕಾಟದ ಪ್ರಯೋಗಗಳಿಂದಲೇ ಅಳೆಯುತ್ತಾರೆ. ಹುಡುಕುವ ವಸ್ತು ಸುತ್ತಲಿನವುಗಳನ್ನು ಹೋಲಿದಷ್ಟೂ ಅದನ್ನು ಪತ್ತೆಹಚ್ಚಲು ಹೆಚ್ಚು ಸಮಯ ಬೇಕು. ಜಾತ್ರೆಗೆ ಹೊರಟಾಗ ಮಗುವಿಗೆ ಎದ್ದುಕಾಣುವ ಬಣ್ಣದ ಅಂಗಿ ತೊಡಿಸಿ. ಆ ಬಣ್ಣವನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಿ.

ಎದುರಿಗಿದ್ದರೂ ಕಾಣದು

1999ರಲ್ಲಿ ಅಮೆರಿಕದ ಸೈಮನ್ಸ್ ಮತ್ತು ಶಾಬ್ರಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಚೆಂಡಾಟದ ಚಿತ್ರ ತೋರಿಸಿ, ಒಂದು ತಂಡದವರು ಎಷ್ಟು ಸಲ ಚೆಂಡು ದಾಟಿಸಿದರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷ ತೊಟ್ಟವಳೊಬ್ಬಳು ಆಟಗಾರರ ಮಧ್ಯೆಯೇ ನಡೆದುಹೋದಳು. ನೋಡುಗರಲ್ಲಿ ಸುಮಾರು ಅರ್ಧದಷ್ಟು ಜನ ಅವಳನ್ನು ಗಮನಿಸಲೇ ಇಲ್ಲ! ಅವರ ಗಮನವೆಲ್ಲ ಎಣಿಕೆಯಲ್ಲಿತ್ತು.

ಚಿತ್ರದಲ್ಲಿ ಇದು ತಮಾಷೆ. ರಸ್ತೆಯಲ್ಲಿ ಪ್ರಾಣಕ್ಕೆ ಅಪಾಯ. ರಾಯಚೂರು–ಮಾನ್ವಿ ರಸ್ತೆಯಲ್ಲಿ ಮೊಬೈಲಿನಲ್ಲಿ ಮಾತನಾಡುತ್ತ ಬೈಕ್ ಓಡಿಸುವವನ ಕಣ್ಣು ಮುಂದೆಯೇ ಇರಬಹುದು. ಆದರೆ ಅಡ್ಡಬಂದ ಎತ್ತಿನಗಾಡಿ, ಕುರಿಹಿಂಡು, ರಸ್ತೆ ದಾಟುವ ಶಾಲಾಮಕ್ಕಳು ಅವನ ಮನಸ್ಸಿಗೆ ತಡವಾಗಿ ತಲುಪುತ್ತಾರೆ. 2001ರಲ್ಲಿ ಪ್ರಕಟವಾದ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದವರು ಸಂಚಾರ ಸಂಕೇತಗಳನ್ನು ಗಮನಿಸದೆ ಹೋಗುವ ಸಾಧ್ಯತೆ ದುಪ್ಪಟ್ಟಾಗಿತ್ತು. ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದವರ ಸ್ಥಿತಿಯೂ ಅಷ್ಟೇ. ಕಿವಿಗೆ ತಂತಿ ಸಿಕ್ಕಿಸಿಕೊಂಡರೆ ಕೈ ಬಿಡುವಾದೀತು, ಮೆದುಳಲ್ಲ. ಕರೆ ಬಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಮಾತನಾಡಿ.

ನೆನಪಿಗೂ ಗಮನವೇ ಬಾಗಿಲು

ಗಮನಿಸದ್ದು ನೆನಪಿನಲ್ಲಿ ಉಳಿಯುವುದು ಕಷ್ಟ. ಮೆದುಳು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ನಾಲ್ಕಾರು ಸಂಗತಿಗಳನ್ನು ಮಾತ್ರ. ಟಿ.ವಿ. ಹಾಕಿಕೊಂಡು ಪಾಠ ಓದುವ ಮಗು ಪುಟ ತಿರುವಿದರೂ ಪಾಠ ತಲೆಗೆ ಹತ್ತದಿರಲು ಕಾರಣ ಇದೇ. ನಮ್ಮ ಅವಧಾನ ಕಲೆಯನ್ನೇ ನೋಡಿ. 'ಅವಧಾನ' ಎಂದರೆ ಗಮನ ಎಂದೇ ಅರ್ಥ. ಅಷ್ಟಾವಧಾನಿ ಕೂಡ ಎಂಟೂ ಜನರಿಗೆ ಏಕಕಾಲಕ್ಕೆ ಉತ್ತರಿಸುವುದಿಲ್ಲ. ಒಬ್ಬೊಬ್ಬರನ್ನು ಸರದಿಯಂತೆ ಎದುರಿಸುತ್ತಾನೆ. ಮಕ್ಕಳು ಓದುವ ಹೊತ್ತಿಗೆ ಮನೆಯವರೂ ಟಿ.ವಿ., ಮೊಬೈಲು ಬದಿಗಿಡುವುದು ಒಳ್ಳೆಯದು.

ವೃದ್ಧರು ಕನ್ನಡಕ ಎಲ್ಲಿಟ್ಟೆವೆಂದು ಮರೆತರೆ ಹೆದರಬೇಕಾಗಿಲ್ಲ. ಇಡುವಾಗ ಗಮನ ಬೇರೆಡೆ ಇದ್ದಿರಬಹುದು. ಆದರೆ ನಿತ್ಯ ನಡೆದ ದಾರಿ ತಪ್ಪಿದರೆ, ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳತೊಡಗಿದರೆ, ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಕಣ್ಣಿನ ಪೊರೆ, ಕಿವಿಯ ಮಂದತನ ಇದ್ದರೂ ಗಮನ ಕುಗ್ಗಿದಂತೆ ತೋರುತ್ತದೆ. ಅವೆರಡನ್ನೂ ಪರೀಕ್ಷಿಸಿಕೊಳ್ಳುವುದು ಅಗತ್ಯ.