ದೀರ್ಘಕಾಲ ಆಂಟಿಬಯೋಟಿಕ್ ಸೇವಿಸುವವರಲ್ಲಿ ಯೀಸ್ಟ್ ಸೋಂಕು: ರೋಗಿಗಳು ತಿಳಿದಿರಬೇಕಾದ ಸಂಗತಿಗಳು

ಕ್ಷಯ, ಕುಷ್ಠ, ಎಲುಬಿನ ಸೋಂಕು, ಮೇಲಿಂದ ಮೇಲೆ ಬರುವ ಮೂತ್ರದ ಸೋಂಕು ಮುಂತಾದವುಗಳಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಗುಳಿಗೆ ನುಂಗಬೇಕಾಗುತ್ತದೆ. ಸಾಮಾನ್ಯ ಕ್ಷಯರೋಗದ ಚಿಕಿತ್ಸೆಯೇ 6 ತಿಂಗಳು. ಈ ಅವಧಿಯಲ್ಲಿ ಕೆಲವರಿಗೆ ಬಾಯಲ್ಲಿ ಬಿಳಿ ಪದರು ಕಟ್ಟುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಜನನಾಂಗದಲ್ಲಿ ತಡೆಯಲಾರದ ತುರಿಕೆ ಆಗುತ್ತದೆ. "ಗುಳಿಗಿ ಉಷ್ಣ ಆತು" ಎಂದು ಮೂಲ ಔಷಧವನ್ನೇ ನಿಲ್ಲಿಸುವವರಿದ್ದಾರೆ. ಇದು ಬಹಳ ಅಪಾಯ. ಯೀಸ್ಟ್ ಸೋಂಕು ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಅರ್ಧಕ್ಕೆ ಬಿಟ್ಟ ಕ್ಷಯರೋಗವಾದರೋ ಔಷಧಕ್ಕೆ ಬಗ್ಗದ ರೋಗವಾಗಿ ಮರಳಿ ಬರಬಹುದು.

ಯೀಸ್ಟ್ ಸೋಂಕು ಏಕೆ ಬರುತ್ತದೆ?

ಕ್ಯಾಂಡಿಡಾ ಎಂಬುದು ಬೂಷ್ಟಿನ ಜಾತಿಗೆ ಸೇರಿದ, ಕಣ್ಣಿಗೆ ಕಾಣದ ಜೀವಿ. ಅನೇಕ ಆರೋಗ್ಯವಂತರ ಬಾಯಿ, ಕರುಳು, ಜನನಾಂಗಗಳಲ್ಲಿ ಅದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಜೊತೆಗಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಹದ್ದಿನಲ್ಲಿ ಇಡುತ್ತವೆ. ಹೊಲದಲ್ಲಿ ಬೆಳೆ ದಟ್ಟವಾಗಿದ್ದರೆ ಕಸಕ್ಕೆ ಜಾಗ ಸಿಗುವುದಿಲ್ಲ. ಬೆಳೆ ಹೋದರೆ ಕಸವೇ ಹಬ್ಬುತ್ತದೆ. ಆಂಟಿಬಯೋಟಿಕ್ ರೋಗದ ಬ್ಯಾಕ್ಟೀರಿಯಾಗಳ ಜೊತೆಗೆ ಉಪಕಾರಿಗಳನ್ನೂ ಕೊಲ್ಲುತ್ತದೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ಆದ್ದರಿಂದಲೇ ಈ ತುರಿಕೆಗೆ ಇನ್ನೊಂದು ಆಂಟಿಬಯೋಟಿಕ್ ನುಂಗಿದರೆ ತೊಂದರೆ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಸ್ಟಿರಾಯ್ಡ್ ಔಷಧ ಅಥವಾ ಇನ್‌ಹೇಲರ್ ಬಳಸುವವರು, ಕಟ್ಟಿಸಿದ ಹಲ್ಲಿನ ಸೆಟ್ ಹಾಕುವವರು, ಎಚ್‌ಐವಿ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

ಲಕ್ಷಣಗಳು

- ಬಾಯಿ: ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಮೊಸರಿನಂಥ ಬಿಳಿ ಪದರು; ಒರೆಸಿದರೆ ಕೆಳಗೆ ಕೆಂಪು. ಉರಿ, ರುಚಿ ಇಲ್ಲದಿರುವುದು.
- ಹೆಣ್ಣುಮಕ್ಕಳಿಗೆ: ತುರಿಕೆ, ಉರಿ, ಒಡೆದ ಹಾಲಿನಂಥ ಗಟ್ಟಿ ಬಿಳುಪು ಹೋಗುವುದು. ಸಾಮಾನ್ಯವಾಗಿ ಕೆಟ್ಟ ವಾಸನೆ ಇರುವುದಿಲ್ಲ.
- ಗಂಡಸರಿಗೆ: ಶಿಶ್ನದ ತುದಿಯಲ್ಲಿ ಕೆಂಪು, ತುರಿಕೆ.
- ಚರ್ಮ: ತೊಡೆಸಂದು, ಸ್ತನದ ಕೆಳಗೆ, ಬೆರಳ ಸಂದುಗಳಲ್ಲಿ ಕೆಂಪಾಗಿ ಒದ್ದೆ ಹುಣ್ಣು.

ಇದನ್ನು ಸಾಮಾನ್ಯವಾಗಿ ಲೈಂಗಿಕ ರೋಗವೆಂದು ಎಣಿಸುವುದಿಲ್ಲ. ಗಂಡ ಹೆಂಡತಿ ಪರಸ್ಪರ ಸಂಶಯಪಡಬೇಕಾಗಿಲ್ಲ. ಎಷ್ಟೋ ಸೊಸೆಯಂದಿರು ಮನೆಯಲ್ಲಿ ಹೇಳಲು ನಾಚಿ ತಿಂಗಳುಗಟ್ಟಲೆ ನರಳುತ್ತಾರೆ. ದೇಹವನ್ನೇ ಗುಡಿ ಎಂದು ಕಂಡವರು ನಮ್ಮ ಬಸವಣ್ಣನವರು. ಆ ಗುಡಿಯ ಯಾವ ಭಾಗದ ನೋವೂ ಹೇಳಬಾರದ ನೋವಲ್ಲ. ಡಾಕ್ಟರ ಮುಂದೆ ಹೇಳಲು ಸಂಕೋಚವಾದರೆ ನರ್ಸ್ ಅಕ್ಕನವರಿಗೆ ಅಥವಾ ಊರಿನ ಆಶಾ ಕಾರ್ಯಕರ್ತೆಗೆ ಹೇಳಿರಿ.

ಚಿಕಿತ್ಸೆ

ಬಾಯಿಯ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಹಚ್ಚುವ ಔಷಧ ಕೊಡುತ್ತಾರೆ. ಹಚ್ಚಿದ ಮೇಲೆ ಅರ್ಧ ತಾಸು ಏನೂ ತಿನ್ನಬಾರದು, ಕುಡಿಯಬಾರದು. ಬಿಳುಪು ಮಾಯವಾಯಿತೆಂದು ನಡುವೆ ಬಿಡದೆ ಹೇಳಿದಷ್ಟು ದಿನ ಹಚ್ಚಿರಿ. ಹೆಣ್ಣುಮಕ್ಕಳಿಗೆ ರಾತ್ರಿ ಮಲಗುವಾಗ ಒಳಗೆ ಇಟ್ಟುಕೊಳ್ಳುವ ಗುಳಿಗೆ ಇದೆ. ಗರ್ಭಿಣಿಯರು ಡಾಕ್ಟರ ಸಲಹೆಯಿಲ್ಲದೆ ಯಾವುದೇ ಗುಳಿಗೆ ನುಂಗಬಾರದು.

ಅಂಗಡಿಯ ಗುಳಿಗೆ ಬೇಡ

ಫ್ಲುಕೋನಜೋಲ್ ಗುಳಿಗೆ ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಕ್ಷಯರೋಗದ ರಿಫಾಂಪಿಸಿನ್ ಅದನ್ನು ದೇಹದಿಂದ ಬೇಗ ಹೊರಹಾಕಿ ಅದರ ಬಲ ಕುಗ್ಗಿಸುತ್ತದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ತೆಗೆದುಕೊಳ್ಳುವವರಲ್ಲಿ ಫ್ಲುಕೋನಜೋಲ್‌ನಿಂದ ಹೃದಯದ ಬಡಿತ ಏರುಪೇರಾಗಬಹುದು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆಯ ಜೊತೆ ಸೇರಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ಆದ್ದರಿಂದ ತಾವು ನುಂಗುವ ಎಲ್ಲ ಗುಳಿಗೆಗಳನ್ನೂ ಚೀಟಿ ಸಮೇತ ತಂದು ತೋರಿಸಿರಿ.

ಸ್ಟಿರಾಯ್ಡ್ ಬೆರೆತ ತುರಿಕೆ ಮುಲಾಮುಗಳು ಎರಡು ದಿನ ಆರಾಮ ಕೊಡುತ್ತವೆ. ಒಳಗಿಂದೊಳಗೆ ಸೋಂಕು ಹಬ್ಬುತ್ತದೆ. ಗಾಯದ ಮೇಲೆ ಅರಿಷಿಣ, ಸುಣ್ಣ, ವಿಭೂತಿ ಹಚ್ಚಬೇಡಿರಿ. ವಿಭೂತಿ ಹಣೆಗೆ ಇರಲಿ.

ಮನೆಯಲ್ಲಿ ಆರೈಕೆ

1. ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್‌ನಿಂದ ಹಲ್ಲುಜ್ಜಿರಿ. ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿರಿ. ಹಲ್ಲಿನ ಸೆಟ್ ರಾತ್ರಿ ತೆಗೆದಿಡಿರಿ.
2. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಿಸಿಲಿಗೆ ದುಡಿಯುವವರು ಬೆವರಿದ ಬಟ್ಟೆಯಲ್ಲೇ ಇರಬಾರದು. ಸ್ನಾನದ ನಂತರ ಸಂದುಗಳನ್ನು ಒಣಗಿಸಿರಿ.
3. ಹತ್ತಿಯ ಒಳಉಡುಪು ಧರಿಸಿ, ಒಗೆದು ಬಿಸಿಲಲ್ಲೇ ಒಣಗಿಸಿರಿ. ನಾಚಿಕೆಯಿಂದ ಬೇರೆ ಬಟ್ಟೆಯ ಅಡಿಯಲ್ಲಿ ಒಣಹಾಕಿದರೆ ತೇವ ಉಳಿಯುತ್ತದೆ.
4. ಜನನಾಂಗದ ಒಳಗೆ ಸಾಬೂನು, ಡೆಟಾಲ್, ಮೊಸರು ಹಾಕಬಾರದು.
5. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿರಿ.

ಆಹಾರ

ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಮಜ್ಜಿಗೆ ಎಲ್ಲವೂ ಒಳ್ಳೆಯದು. ಮೊಸರು ಆಹಾರವೇ ಹೊರತು ಈ ಸೋಂಕಿಗೆ ಔಷಧವಲ್ಲ. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಗುಳಿಗೆಗಳಿಗೂ ಹಾಲು, ಮೊಸರಿಗೂ ಎರಡು ತಾಸು ಅಂತರವಿರಲಿ. ಬಾಯಿ ಉರಿಯುವಾಗ ಖಾರ ಬಿಟ್ಟು, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಅಥವಾ ಮೆತ್ತಗಿನ ನುಚ್ಚು ಮಜ್ಜಿಗೆ ಉಣ್ಣಿರಿ. ಉಣ್ಣದೆ ಸೊರಗಬಾರದು. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಸಹಾಯಧನವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ.

ತಡಮಾಡದೆ ಬರಬೇಕಾದಾಗ

ನುಂಗುವಾಗ ಎದೆಯಲ್ಲಿ ನೋವು, ಜ್ವರ, ಕಣ್ಣು ಹಳದಿಯಾಗುವುದು, ಪದೇ ಪದೇ ನೀರಿನಂತೆ ಅಥವಾ ರಕ್ತ ಬೆರೆತ ಭೇದಿ, ಮಗುವಿಗೆ ಹಾಲು ಕುಡಿಯಲು ಆಗದಿರುವುದು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮಾತ್ರ ಸಹಜ, ಅದಕ್ಕೆ ಹೆದರಬೇಡಿರಿ. ಯೀಸ್ಟ್ ಸೋಂಕು ಮರಳಿ ಮರಳಿ ಬಂದರೆ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಅಗತ್ಯ. ಎಚ್‌ಐವಿ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಹಾಗೂ ಗುಪ್ತ.

ನೆನಪಿಡಿ: ತುರಿಕೆಗೆ ಔಷಧವಿದೆ. ಡಾಕ್ಟರು ಹೇಳುವವರೆಗೆ ಮೂಲ ಚಿಕಿತ್ಸೆಯ ಒಂದು ಗುಳಿಗೆಯನ್ನೂ ತಪ್ಪಿಸಬೇಡಿರಿ.