ಮೆಲಟೋನಿನ್ ಮಾತ್ರೆಯಿಂದ ಕಿಡ್ನಿ ಉಳಿಯುತ್ತದೆಯೇ?



ಸಿವಿಲ್ ಲೈನ್ಸ್‌ನಲ್ಲಿ ಬೆಳಗಿನ ವಾಕಿಂಗ್ ಹೋದಾಗ ಸಕ್ಕರೆ ಕಾಯಿಲೆಯಿರುವ ಗೆಳೆಯರೊಬ್ಬರು ಕೇಳಿದರು: “ಮೆಲಟೋನಿನ್ ತಗೊಂಡ್ರ ಕಿಡ್ನಿ ಉಳೀತದಂತ, ಹೌದೇನ್ರಿ?” ನಾನು ಬಿ.ಕಾಂ. ಓದಿದವ, ವೈದ್ಯನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಹಾರ್ಮೋನು ಮೆಲಟೋನಿನ್. ಬೊಜ್ಜಿನ ಜೊತೆ ಮಧುಮೇಹವೂ ಸೇರಿದರೆ ಮೂತ್ರಪಿಂಡದ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹದಗೆಡುತ್ತವೆ. ಸ್ಪೇನ್‌ನ ಗ್ರನಾಡಾ ವಿಶ್ವವಿದ್ಯಾಲಯದ ಸಂಶೋಧಕರು ಬೊಜ್ಜಿರುವ ಮಧುಮೇಹಿ ಇಲಿಗಳಿಗೆ ಮೆಲಟೋನಿನ್ ಕೊಟ್ಟಾಗ ಈ ಹಾನಿ ತಗ್ಗಿತು. ಆದರೆ ಪ್ರಮಾಣ ನೋಡಿ: ದಿನಕ್ಕೆ, ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ! ನಿದ್ದೆಗೆಂದು ಜನ ನುಂಗುವ ಇಡೀ ಮಾತ್ರೆಯೇ ಸಾಮಾನ್ಯವಾಗಿ 3 ಮಿಲಿಗ್ರಾಂ. ಮನುಷ್ಯರ ಕಿಡ್ನಿಗೆ ಇದಿನ್ನೂ ಒಪ್ಪಿತ ಚಿಕಿತ್ಸೆಯಲ್ಲ.

ಸಾಲಗಾರ ಕಂತು ತಪ್ಪಿಸಿದರೆ ಬ್ಯಾಂಕಿಗೆ ಆ ತಿಂಗಳೇ ಗೊತ್ತಾಗುತ್ತದೆ. ಕಿಡ್ನಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರೆಂದು ಗೆಳೆಯರಿಗೆ ಹೇಳಿದೆ.

ತಡವಾಗಿ ಗೊತ್ತಾದವರಿಗೆ ಸಾಮಾನ್ಯವಾಗಿ ವಾರಕ್ಕೆ 3 ಡಯಾಲಿಸಿಸ್, ವರ್ಷಕ್ಕೆ 156. ಆಸ್ಪತ್ರೆಗೆ ಹೋಗಿಬರುವ ಆಟೋ ಬಾಡಿಗೆ, ಔಷಧಿ ಬೇರೆ. ನಮ್ಮ ವೈದ್ಯಕೀಯ ನೆರವು ನಿಧಿಗೆ ನೀವು ಕೊಡುವ ಹಣ ಇಂಥವರ ಕೈ ಸೇರುತ್ತದೆ. ದಯವಿಟ್ಟು ಈ ತಿಂಗಳೂ ಕಳುಹಿಸಿ, ರಸೀದಿ ತಪ್ಪದೆ ಪಡೆಯಿರಿ.