ಮೂಡಲ ಸೀಮೆಗೊಂದು ಕಲಿಕೆಯ ಕೆರೆ

ತುಮಕೂರು ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಒಂದು; ವಿದ್ಯೆಯ ಲೆಕ್ಕದಲ್ಲಿ ಎರಡು. ಶಾಲಾ ಶಿಕ್ಷಣ ಇಲಾಖೆಯು ಅದನ್ನು ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳನ್ನಾಗಿ ವಿಂಗಡಿಸಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಎರಡನೆಯದಾಗಿದೆ. ಇವುಗಳ ಸ್ವಭಾವ ಒಂದೊಂದು ಬಗೆ. ಶಿರಾ ಹೆದ್ದಾರಿಯ ಮಗ್ಗುಲಲ್ಲಿದೆ. ಕೊರಟಗೆರೆಗೆ ಸಿದ್ಧರಬೆಟ್ಟದ ನೆರೆ, ಜಯಮಂಗಲಿಯ ಮರಳು. ಮಧುಗಿರಿಗೆ ಅದರ ಏಕಶಿಲೆಯ ಬೆಟ್ಟ. ಪಾವಗಡವಂತೂ ಆಂಧ್ರದ ನೆಲದ ನಡುವೆ ಬಹುಮಟ್ಟಿಗೆ ದ್ವೀಪದಂತೆ ಉಳಿದಿರುವ ಕನ್ನಡ ತಾಲ್ಲೂಕು. ಮಳೆ ಮಾತ್ರ ಸೀಮೆಗೆಲ್ಲ ಕಡಮೆ. ಆದುದರಿಂದಲೇ ಇಲ್ಲಿಯ ಹಿರಿಯರು ಒಂದು ಪಾಠವನ್ನು ಬಹುಕಾಲದ ಹಿಂದೆಯೇ ಕಲಿತರು: ದೂರದಲ್ಲಿ ಹರಿಯುವ ಹೊಳೆಯನ್ನು ನಂಬಿ ಕುಳಿತರೆ ಬೆಳೆಯಾಗದು; ಬಿದ್ದ ಹನಿಯನ್ನು ಬಿದ್ದಲ್ಲಿಯೇ ತಡೆದು ನಿಲ್ಲಿಸಬೇಕು. ಅವರು ಕೆರೆ ಕಟ್ಟಿದ್ದು ಅದಕ್ಕಾಗಿ. ಅದೇ ವಿವೇಕವನ್ನು ಇಂದಿನ ಗಣಕಯಂತ್ರದ ವಿದ್ಯೆಗೂ ಅನ್ವಯಿಸಬಹುದೇ ಎಂಬುದು ಈ ಲೇಖನದ ವಿಚಾರ.

೨೦೨೦ರಲ್ಲಿ ಕೊರೋನಾ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ದೂರದಿಂದ ಪಾಠ ಹೇಳುವ ಉಪಾಯಗಳೆಲ್ಲ ಒಮ್ಮೆಲೇ ಪರೀಕ್ಷೆಗೆ ಒಳಗಾದವು. ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾಯಿತು. ಆ ಯೋಜನೆ ಮಕ್ಕಳನ್ನು ವಿಂಗಡಿಸಿದ ರೀತಿಯೇ ಕಾಲದ ಕನ್ನಡಿಯಂತಿತ್ತು: ಫೋನೇ ಇಲ್ಲದವರು, ಫೋನಿದ್ದೂ ಅಂತರ್ಜಾಲವಿಲ್ಲದವರು, ಎರಡೂ ಉಳ್ಳವರು. ಮೊದಲಿನವರಿಗಾಗಿ ಉಪಾಧ್ಯಾಯರು ಊರೂರಿಗೆ ನಡೆದು, ದೇವಾಲಯದ ಜಗಲಿಯಲ್ಲಿಯೋ ಮರದ ನೆರಳಿನಲ್ಲಿಯೋ ಪಾಠ ಹೇಳಿದರು. ಇದಕ್ಕೆ ಮೂರು ವರ್ಷ ಮೊದಲೇ, ೨೦೧೭ರಲ್ಲಿ, ಕೇಂದ್ರ ಸರ್ಕಾರದ 'ದೀಕ್ಷಾ' ಎಂಬ ಜಾಲತಾಣ ಬಂದಿತ್ತು. ಪಠ್ಯಪುಸ್ತಕದ ಪುಟದಲ್ಲಿ ಮುದ್ರಿತವಾದ ಚೌಕಳಿ ಚಿಹ್ನೆಗೆ ಫೋನನ್ನು ಹಿಡಿದರೆ ಪಾಠ ಮೂಡುವ ವ್ಯವಸ್ಥೆ ಅದರಲ್ಲಿದೆ. ಆ ಭಂಡಾರ ದೊಡ್ಡದು. ಆದರೆ ಭಂಡಾರಕ್ಕೂ ಬಾಲಕನಿಗೂ ನಡುವಣ ದಾರಿ ಕಡಿದರೆ, ಅದು ಕಂಡೂ ಕುಡಿಯಲಾಗದ ನೀರು.

ದಾರಿಯನ್ನು ಮೊಟಕುಗೊಳಿಸುವ ಉಪಾಯವೊಂದಿದೆ. ಶಾಲೆಯ ಗಣಕ ಕೊಠಡಿಯಲ್ಲಿರುವ ಯಂತ್ರಗಳ ಪೈಕಿ ಒಂದನ್ನು 'ಸರ್ವರ್' ಮಾಡುವುದು. ಸರ್ವರ್ ಎಂದರೆ ಪರಿಚಾರಕ, ಬಡಿಸುವವನು. ಪಾಠ, ಚಿತ್ರ, ಪ್ರಶ್ನೆ, ಉತ್ತರ, ಅಂಕ ಎಲ್ಲವೂ ಅದರ ಹೊಟ್ಟೆಯಲ್ಲಿರುತ್ತವೆ. ಉಳಿದ ಯಂತ್ರಗಳು ಕೊಠಡಿಯೊಳಗಿನ ತಂತಿಯ ಮೂಲಕವೋ ವೈಫೈ ಮೂಲಕವೋ ಕೇಳಿದುದನ್ನು ಅದು ಬಡಿಸುತ್ತದೆ. ಹೊರಗಿನ ಅಂತರ್ಜಾಲ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಪಂಕ್ತಿ ನಿಲ್ಲುವುದಿಲ್ಲ.

ಇಂಥ ಕೆಲಸಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ತಂತ್ರಾಂಶಗಳಲ್ಲಿ ಒಂದರ ಹೆಸರು ಮೂಡಲ್. ಅದು ಇಂಗ್ಲಿಷಿನ ಐದಾರು ಪದಗಳ ಆದ್ಯಕ್ಷರಗಳಿಂದ ಕಟ್ಟಿದ ಹೆಸರು. ಆದರೆ ಕನ್ನಡದ ಕಿವಿಗೆ ಅದು 'ಮೂಡಲ' ಎಂದೇ ಕೇಳಿಸುತ್ತದೆ. ಮೂಡಲಪಾಯ ಯಕ್ಷಗಾನವನ್ನು ಆಡಿ ಬೆಳೆದ ತುಮಕೂರಿನ ಸೀಮೆಗೆ ಈ ಪದ ಪರಕೀಯವೆನಿಸಲಾರದು. ಹೆಸರಿಗಿಂತಲೂ ಅದರ ಹುಟ್ಟಿನ ಕಥೆ ನಮಗೆ ಹತ್ತಿರವಾದುದು. ಅದನ್ನು ರಚಿಸಿದ ಮಾರ್ಟಿನ್ ಡೂಗಿಯಾಮಸ್ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಬಾಲ್ಯ ಕಳೆದವರು. ಅಲ್ಲಿ ಹತ್ತಿರದಲ್ಲಿ ಶಾಲೆ ಇರಲಿಲ್ಲ. 'ಆಕಾಶ ಶಾಲೆ' ಎಂಬ ವ್ಯವಸ್ಥೆಯಲ್ಲಿ ರೇಡಿಯೋ ಮೂಲಕ ಗುರುಗಳ ಧ್ವನಿ ಕೇಳಿ ಅವರು ಅಕ್ಷರ ಕಲಿತರು. ಅಂಥ ಬಾಲಕ ದೊಡ್ಡವನಾಗಿ, ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತ, ಮಾರಾಟದ ತಂತ್ರಾಂಶಗಳಿಂದ ಬೇಸತ್ತು, ೨೦೦೨ರಲ್ಲಿ ಮೂಡಲ್‌ನ ಮೊದಲ ಆವೃತ್ತಿಯನ್ನು ಹೊರತಂದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿ ಅದಕ್ಕೆ ಇದೆ. ಶಾಲೆಯಿಂದ ದೂರವಿದ್ದವರ ಕಷ್ಟವನ್ನು ಅನುಭವಿಸಿದವರು ಮಾಡಿದ ಉಪಕರಣವೆಂಬುದೇ ಅದರ ಹಿರಿಮೆ.

ಮೂಡಲ್ ನಿಲ್ಲುವ ನೆಲ ಯುನಿಕ್ಸ್ ಪರಂಪರೆಯದು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ ಲೈನಕ್ಸನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟರು. ಡೆಬಿಯನ್, ಉಬುಂಟು ಮೊದಲಾದವು ಅದರ ಶಾಖೆಗಳು. ಇವುಗಳಿಗೆ ಹಣ ತೆರಬೇಕಾಗಿಲ್ಲ; ಹಳೆಯ ಯಂತ್ರದ ಮೇಲೂ ಇವು ಮುನಿಸಿಕೊಳ್ಳದೆ ನಡೆಯುತ್ತವೆ. ಮೂಡಲ್ ಬೇಡುವುದೂ ಹೆಚ್ಚಲ್ಲ: ಒಂದು ಗಿಗಾಬೈಟ್ ಸ್ಮೃತಿ, ಐದು ಗಿಗಾಬೈಟಿನಷ್ಟು ಜಾಗ ಇದ್ದರೆ ಆರಂಭಿಸಬಹುದು. ಏಕಕಾಲದಲ್ಲಿ ಕೆಲಸ ಮಾಡುವ ಹತ್ತಿಪ್ಪತ್ತು ಮಂದಿಗೆ ಒಂದು ಗಿಗಾಬೈಟ್ ಸ್ಮೃತಿ ಎಂಬುದು ಬಳಕೆಯಲ್ಲಿದ್ದ ಸ್ಥೂಲ ಲೆಕ್ಕ. ಅಂಗೈಯಗಲದ ರಾಸ್ಬೆರಿ ಪೈ ಎಂಬ ಯಂತ್ರದಲ್ಲಿಯೂ ಒಂದು ತರಗತಿಗೆ ಸಾಲುವಂತೆ ಅದನ್ನು ನಿಲ್ಲಿಸಬಹುದು. ಆ ಯಂತ್ರಕ್ಕೆ ಹತ್ತು ವಾಟಿಗೂ ಕಡಮೆ ವಿದ್ಯುತ್ತು ಸಾಕು. ಹದಿಮೂರು ಸಾವಿರ ಎಕರೆಯ ಸೌರ ಉದ್ಯಾನದಿಂದ ೨,೦೫೦ ಮೆಗಾವಾಟ್ ಸಾಮರ್ಥ್ಯವನ್ನು ನಾಡಿಗೆ ಒದಗಿಸಿದ ಪಾವಗಡಕ್ಕೆ ಇದು ಭಾರವಾದೀತೆ?

ಇನ್ನು ಸ್ಥಾಪನೆಯ ಕ್ರಮ. ಅದು ಮಂತ್ರವಿದ್ಯೆಯಲ್ಲ, ಮನೆ ಕಟ್ಟುವಷ್ಟೇ ಸ್ಪಷ್ಟವಾದ ಕೆಲಸ. ಮೊದಲು ಲೈನಕ್ಸ್ ಎಂಬ ತಳಪಾಯ. ಅದರ ಮೇಲೆ ಮೂರು ಪರಿಕರಗಳು: ಕೇಳಿದ ಪುಟವನ್ನು ಒಪ್ಪಿಸುವ ಅಪಾಚೆ, ಮೂಡಲ್ ಬರೆದಿರುವ ಭಾಷೆಯಾದ ಪಿಎಚ್‌ಪಿ, ಹೆಸರು ಅಂಕ ಉತ್ತರಗಳನ್ನು ಪಟ್ಟಿಯಾಗಿ ಕಾಪಾಡುವ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಎಂಬ ದತ್ತಕೋಶ. ಬಳಿಕ ಎರಡು ಕಡತಕೋಶಗಳು. ಒಂದರಲ್ಲಿ ಮೂಡಲ್‌ನ ಸಂಕೇತ. ಇನ್ನೊಂದರಲ್ಲಿ ಉಪಾಧ್ಯಾಯರೂ ಮಕ್ಕಳೂ ಏರಿಸುವ ಬರಹ, ಚಿತ್ರಗಳು. ಈ ಎರಡನೆಯದು ಹೊರಗಿನ ಪುಟಗಳ ದಾರಿಯಲ್ಲಿ ಇರಕೂಡದು. ಪಡಸಾಲೆಯಲ್ಲಿ ಕಣಜ ಇಡುವವರುಂಟೆ?

ಇಲ್ಲಿ ಯುನಿಕ್ಸಿನ ಒಂದು ಹಳೆಯ ಶಿಸ್ತು ಎದುರಾಗುತ್ತದೆ. ಪ್ರತಿಯೊಂದು ಕಡತಕ್ಕೂ ಒಡೆಯ, ಅವನ ಬಳಗ, ಇತರರು ಎಂದು ಮೂವರು ಸಂಬಂಧಿಕರು. ಓದಲು ನಾಲ್ಕು, ಬರೆಯಲು ಎರಡು, ನಡೆಸಲು ಒಂದು ಎಂದು ಅಧಿಕಾರಕ್ಕೆ ಅಂಕೆಗಳು. ಮೂರನ್ನೂ ಕೂಡಿದರೆ ಏಳು. ಏನಾದರೂ ತೊಡಕು ಬಂದೊಡನೆ ಬೇಸತ್ತವರು ಮೂವರಿಗೂ ಏಳೇಳು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತೊಡಕು ನೀಗುತ್ತದೆ, ನಿಜ. ಅದರೊಡನೆ ಮನೆಗೆ ಬಾಗಿಲೂ ಇಲ್ಲದಂತಾಗುತ್ತದೆ. ಅಪಾಚೆಗೆ ಬರೆಯುವ ಹಕ್ಕು ದತ್ತದ ಕೋಶದಲ್ಲಿ ಮಾತ್ರ ಇರಬೇಕು. ಸಂಕೇತವನ್ನು ಅದು ಓದಿದರೆ ಸಾಕು.

ಅನಂತರ ವಿಳಾಸ. ಮೂಡಲ್ ತನ್ನ ವಿಳಾಸವನ್ನು ಕಾನ್ಫಿಗ್ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಜಾಲವು ಯಂತ್ರಕ್ಕೆ ದಿನಕ್ಕೊಂದು ಸಂಖ್ಯೆ ಕೊಡುತ್ತ ಹೋದರೆ ನಿನ್ನೆ ತೆರೆದ ಪುಟ ಇಂದು ತೆರೆಯದು. ಆದುದರಿಂದ ಸರ್ವರಿಗೆ ಸ್ಥಿರಸಂಖ್ಯೆ ಗೊತ್ತುಮಾಡಬೇಕು. ಕೊನೆಯದಾಗಿ 'ಕ್ರಾನ್'. ಅದು ಯುನಿಕ್ಸಿನ ಕಾಲಪಾಲಕ. ನಿಮಿಷಕ್ಕೊಮ್ಮೆ ಅದು ಮೂಡಲನ್ನು ಎಚ್ಚರಿಸದಿದ್ದರೆ ಸೂಚನೆಗಳು ಹೊರಡುವುದಿಲ್ಲ, ಹಳೆಯ ಕಸ ಗುಡಿಸಲ್ಪಡುವುದಿಲ್ಲ. ಪುಟಗಳು ತೆರೆಯುತ್ತಲೇ ಇರುವುದರಿಂದ ಈ ಕೊರತೆ ಕೂಡಲೆ ಕಣ್ಣಿಗೆ ಬೀಳುವುದೂ ಇಲ್ಲ.

ಕನ್ನಡದ ಪ್ರಶ್ನೆ ಬೇರೆಯೇ ಗಮನವನ್ನು ಬಯಸುತ್ತದೆ. ಮೂಡಲ್‌ಗೆ ಸ್ವಯಂಸೇವಕರು ಅನುವಾದಿಸಿದ ಕನ್ನಡದ ಭಾಷಾಸಂಪುಟ ಉಂಟು. ಆದರೆ ಗುಂಡಿಗಳ ಮೇಲಿನ ಕನ್ನಡಕ್ಕಿಂತ ಪಾಠದೊಳಗಿನ ಕನ್ನಡ ಮುಖ್ಯ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿ ಮೀಸಲಾಗಿದೆ. ಯುಟಿಎಫ್-೮ ಎಂಬ ಕ್ರಮದಲ್ಲಿ ಅಲ್ಲಿಯ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಚಿಹ್ನೆಗಳಾಗಿ ಹದಿನೆಂಟು ಬೈಟು ಹಿಡಿಯುತ್ತದೆ. ದತ್ತಕೋಶವನ್ನು ಆರಂಭದಲ್ಲಿಯೇ ಈ ಕ್ರಮಕ್ಕೆ ಹೊಂದಿಸದಿದ್ದರೆ, ಅಕ್ಷರದ ಎಡೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ನಮ್ಮ ಶಾಲೆಗಳಲ್ಲಿ ವರ್ಷಗಟ್ಟಲೆ ಬೆರಳಚ್ಚಾದ ಪ್ರಶ್ನಪತ್ರಿಕೆಗಳು ಹಳೆಯ ನುಡಿಯ ಯೂನಿಕೋಡೇತರ ಲಿಪಿಯಲ್ಲಿವೆ. ಅವು ಇಂಗ್ಲಿಷಿನ ಸ್ಥಾನದಲ್ಲಿ ಕನ್ನಡದ ಆಕಾರವನ್ನು ಕೂರಿಸಿದವು. ಅಕ್ಷರಶೈಲಿ ಕಳಚಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೆ ಉಳಿಯುತ್ತವೆ. ಅವುಗಳನ್ನು ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಆಮೇಲೆ ಏರಿಸಬೇಕು. ಇದು ಗಣಕ ತಜ್ಞನ ಕೆಲಸವಲ್ಲ; ಕನ್ನಡ ಮೇಷ್ಟರ ಕೆಲಸ.

ಉಪಾಧ್ಯಾಯರಿಂದ ಇದೆಲ್ಲ ಆಗುವುದೇ ಎಂದು ಕೇಳುವವರಿಗೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಕಳೆದ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯದ ಶಿಕ್ಷಣ ಇಲಾಖೆ ಕೂಡಿ ನಡೆಸಿದ 'ವಿಷಯ ಶಿಕ್ಷಕರ ವೇದಿಕೆ'ಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರು ಉಬುಂಟು ಕಲಿತರು. ತಾವೇ ಪಾಠಸಾಮಗ್ರಿ ಬರೆದು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣಕ್ಕೆ ಸೇರಿಸಿದರು. ಗಡಿಯಾಚೆಗಿನ ಕಾಸರಗೋಡಿನಲ್ಲಿ, ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನು ಒಪ್ಪಿಕೊಂಡುದರಿಂದ, ಕನ್ನಡ ಮಾಧ್ಯಮದ ಮಕ್ಕಳೂ ಲೈನಕ್ಸಿನ ಮೇಲೆಯೇ ಗಣಕ ಕಲಿಯುತ್ತಾರೆ.

ಊರ ಸರ್ವರಿನಿಂದ ದೊರೆಯುವ ಮುಖ್ಯ ಲಾಭವೂ ಉಪಾಧ್ಯಾಯರ ಈ ಕರ್ತೃತ್ವವೇ. ರಾಜಧಾನಿಯ ಭಂಡಾರದಲ್ಲಿ ಪಾಠ ಸಿಗಬಹುದು. ಆದರೆ ಭಿನ್ನರಾಶಿಯ ಲೆಕ್ಕದಲ್ಲಿ ಈ ತರಗತಿ ಎಲ್ಲಿ ಎಡವುತ್ತದೆ, ಮನೆಯಲ್ಲಿ ತೆಲುಗು ಆಡುವ ಪಾವಗಡದ ಹುಡುಗಿಗೆ ಕನ್ನಡದ ಯಾವ ಪದ ತಡೆಯುತ್ತದೆ ಎಂಬುದು ಅಲ್ಲಿಯ ಗುರುವಿಗಲ್ಲದೆ ಇನ್ನಾರಿಗೆ ಗೊತ್ತು? ಆ ಗುರು ಬರೆದ ಪ್ರಶ್ನೆಗೆ ಬೆಲೆ ಹೆಚ್ಚು. ಮೂಡಲ್‌ನಲ್ಲಿ ಒಂದು ವಿಷಯದ ಪಾಠಸಮಸ್ತವನ್ನೂ ಒಂದೇ ಕಡತವಾಗಿ ಕಟ್ಟಬಹುದು. ಮಕ್ಕಳ ಹೆಸರು, ಅಂಕಗಳನ್ನು ಬಿಟ್ಟು ಕಟ್ಟುವುದಕ್ಕೂ ಅವಕಾಶವಿದೆ. ಕೊರಟಗೆರೆಯವರು ಕಟ್ಟಿದ ಬುತ್ತಿಯನ್ನು ಮಧುಗಿರಿಯ ಸಭೆಗೆ ಬಂದ ಶಿರಾದವರು ಕಿಸೆಯಲ್ಲಿಟ್ಟುಕೊಂಡು ಹೋಗಿ ತಮ್ಮ ಸರ್ವರಿನಲ್ಲಿ ಬಿಚ್ಚಬಹುದು. ನಾಲ್ಕು ತಾಲ್ಲೂಕು ಒಂದು ಶೈಕ್ಷಣಿಕ ಜಿಲ್ಲೆಯಾಗಿರುವುದಕ್ಕೆ ಆಡಳಿತದಾಚೆಗಿನ ಅರ್ಥವೂ ಆಗ ಬರುತ್ತದೆ.

ಆದರೆ ಒಂದು ಮಾತನ್ನು ಮರೆಯಕೂಡದು. ಸ್ಥಾಪನೆ ಒಂದು ದಿನದ ಕೆಲಸ. ಪಾಲನೆ ದಿನದಿನದ ಕೆಲಸ. ಕೆರೆಗಳು ಹಾಳಾದದ್ದು ಕಟ್ಟುವವರಿಲ್ಲದೆ ಅಲ್ಲ, ಹೂಳೆತ್ತುವವರಿಲ್ಲದೆ. ಮೂಡಲ್‌ನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ದೀರ್ಘಾವಧಿಯ ಆವೃತ್ತಿಯನ್ನು ಆರಿಸಿಕೊಂಡರೆ ಮೂರು ವರ್ಷ ರಕ್ಷಣೆಯ ತಿದ್ದುಪಡಿಗಳು ದೊರೆಯುತ್ತವೆ, ಅವನ್ನಾದರೂ ಹಾಕುತ್ತಿರಬೇಕು. ದತ್ತಕೋಶ, ದತ್ತದ ಕಡತಕೋಶ, ಕಾನ್ಫಿಗ್ ಕಡತ ಈ ಮೂರರ ನಕಲನ್ನು ಬೇರೊಂದು ಕಡೆ ಇಡಬೇಕು. ಒಮ್ಮೊಮ್ಮೆ ಆ ನಕಲಿನಿಂದ ಎಲ್ಲವನ್ನೂ ಮರಳಿ ನಿಲ್ಲಿಸಿ ನೋಡಬೇಕು. ವಿದ್ಯುತ್ತು ಥಟ್ಟನೆ ಹೋದಾಗ ಯಂತ್ರ ನೆಮ್ಮದಿಯಿಂದ ಮಲಗುವುದಕ್ಕೆ ಯುಪಿಎಸ್ ಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಮನುಷ್ಯನ ವ್ಯವಸ್ಥೆ. ಆಸಕ್ತಿಯುಳ್ಳ ಒಬ್ಬರೇ ಉಪಾಧ್ಯಾಯರು ಎಲ್ಲವನ್ನೂ ನಿಲ್ಲಿಸಿ, ಗುಪ್ತಪದವನ್ನು ತಮ್ಮ ತಲೆಯಲ್ಲಿಯೇ ಇಟ್ಟುಕೊಂಡು, ವರ್ಗವಾಗಿ ಹೋದರೆ, ಉಳಿಯುವುದು ಬೀಗ ಹಾಕಿದ ಪೆಟ್ಟಿಗೆ.

ನಮ್ಮ ಹಳ್ಳಿಗಳಲ್ಲಿ ಕೆರೆಗೆ ನೀರುಗಂಟಿ ಇದ್ದ. ತೂಬು ತೆರೆಯುವುದು, ಮುಚ್ಚುವುದು, ಕಡೆಯ ಗದ್ದೆಗೂ ಸರದಿಯ ನೀರು ಮುಟ್ಟಿತೇ ಎಂದು ನೋಡುವುದು ಅವನ ಪಾಲಿನ ಕೆಲಸ. ಆ ಕೆಲಸಕ್ಕೆ ಊರು ಅವನಿಗೆ ಕಾಳು ಅಳೆಯುತ್ತಿತ್ತು. ಕಲಿಕೆಯ ಸರ್ವರಿಗೂ ಅಂಥವರು ಬೇಕು: ಶಾಲೆಗೆ ಇಬ್ಬರು, ಅವರಿಗೆ ವೇಳಾಪಟ್ಟಿಯಲ್ಲಿ ವಾರಕ್ಕೆರಡು ಅವಧಿ, ಮಾಡಿದುದನ್ನು ಕನ್ನಡದಲ್ಲಿ ಬರೆದಿಡುವ ಒಂದು ದಪ್ಪ ಪುಸ್ತಕ, ಗುಪ್ತಪದದ ಮುಚ್ಚಿದ ಲಕೋಟೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ. ಯಂತ್ರಕ್ಕೆ ಅನುದಾನ ಕೇಳುವಾಗ ಈ ಎರಡು ಅವಧಿಗಳನ್ನೂ ಕೇಳುವ ಧೈರ್ಯ ನಮಗಿರಬೇಕು. ತಂತ್ರಾಂಶ ಉಚಿತ, ಅದನ್ನು ಕಾಯುವ ಗುರುವಿನ ಹೊತ್ತು ಉಚಿತವಲ್ಲ. ಆ ಹೊತ್ತಿಗೆ ಬೆಲೆ ಕಟ್ಟಿದ ಶಾಲೆಯಲ್ಲಿ ಮಾತ್ರ ನೀರು ಕಡೆಯ ಗದ್ದೆಯನ್ನು ಮುಟ್ಟೀತು.